ನಿದ್ದೆ ಅಂದ್ರೆ ಸೋಮಾರಿತನ ಅಲ್ಲ ಸ್ವಾಮಿ!

1/6
ಬೆಳಗ್ಗೆ 7ಕ್ಕೆ ಸ್ಪೆಷಲ್ ಕ್ಲಾಸ್. ತೂಕಡಿಸಿದ್ರೆ "ರಾತ್ರಿಯೆಲ್ಲಾ ಏನ್ ಮಾಡ್ತಿದ್ದೆ?" ಅಂತ ಮಂಗಳಾರತಿ. ಉತ್ತರ ಫಸ್ಟ್ ಪಿಯು ಬಯಾಲಜಿ ಪುಸ್ತಕದಲ್ಲೇ ಇದೆ: ಪೀನಿಯಲ್ ಗ್ರಂಥಿ, ಮೆಲಟೋನಿನ್. ಪಾಠ ಮಾಡ್ತಾರೆ, ಮಾರ್ಕ್ಸೂ ಕೊಡ್ತಾರೆ. ಟೈಮ್‌ಟೇಬಲ್ ಹಾಕುವಾಗ ಮಾತ್ರ ಮರೆತುಬಿಡ್ತಾರೆ.

2/6
ಮೆಲಟೋನಿನ್ ನಿದ್ದೆ ಮಾತ್ರೆ ಥರ ಹೊಡೆದು ಮಲಗಿಸಲ್ಲ. ಅದು "ರಾತ್ರಿ ಆಯ್ತು" ಅನ್ನೋ ಸುದ್ದಿ. ಕತ್ತಲಾದ ಮೇಲೆ ರಕ್ತದಲ್ಲಿ ಏರುತ್ತೆ, ಹೈಪೋಥಲಾಮಸ್‌ನಲ್ಲಿರುವ ದೇಹದ ಮುಖ್ಯ ಗಡಿಯಾರಕ್ಕೆ ತಲುಪುತ್ತೆ. ಸುದ್ದಿ ಹಿಡಿಯೋಕೆ ಅಲ್ಲಿ ಎರಡು ರಿಸೆಪ್ಟರ್‌ಗಳಿವೆ: ಎಂಟಿ1, ಎಂಟಿ2. ಎಂಟಿ1 ಅಲ್ಲಿನ ನರಕೋಶಗಳ ಗದ್ದಲ ತಗ್ಗಿಸುತ್ತೆ. ಎಂಟಿ2 ಗಡಿಯಾರದ ಸಮಯವನ್ನು ಹಿಂದೆ ಮುಂದೆ ಸರಿಸುತ್ತೆ.

3/6
ಹದಿಹರೆಯದಲ್ಲಿ ಈ ಸುದ್ದಿನೇ ಲೇಟು. ಚಿಕ್ಕವರಿದ್ದಾಗಿಗಿಂತ ಎರಡು ಗಂಟೆವರೆಗೂ ತಡವಾಗಬಹುದು. ಸುದ್ದಿ ಬರೋ ಮೊದಲೇ "9ಕ್ಕೆ ಮಲಗು" ಅಂದ್ರೆ ಫ್ಯಾನ್ ನೋಡ್ಕೊಂಡು ಬಿದ್ದಿರಬೇಕು ಅಷ್ಟೇ.

4/6
"ಎಲ್ಲಾ ಮೊಬೈಲಿಂದ!" ಅಂತೀರಾ? ಅರ್ಧ ನಿಜ. ಸ್ಕ್ರೀನ್ ಬೆಳಕು ಮೆಲಟೋನಿನ್ ತಗ್ಗಿಸುತ್ತೆ. ಅದು ನಮ್ಮ ಕೈಲಿದೆ, ಫೋನ್ ಪಕ್ಕಕ್ಕಿಡೋಣ. ಆದ್ರೆ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್ ಹದಿಹರೆಯದವರ ಈ ವಿಳಂಬವನ್ನು 1990ರ ದಶಕದಲ್ಲೇ ತೋರಿಸಿದ್ರು. ಆಗ ಯಾರ ದಿಂಬಿನ ಕೆಳಗೆ ಸ್ಮಾರ್ಟ್‌ಫೋನ್ ಇತ್ತು?

5/6
ಲೆಕ್ಕ ಹಾಕಿ. 13ರಿಂದ 18 ವಯಸ್ಸಿನವರಿಗೆ ಬೇಕಾದದ್ದು 8ರಿಂದ 10 ಗಂಟೆ ನಿದ್ದೆ. 11ಕ್ಕೆ ನಿದ್ದೆ ಹತ್ತಿ, ಹಳ್ಳಿಯಿಂದ ಫಸ್ಟ್ ಬಸ್ ಹಿಡಿಯೋಕೆ 5ಕ್ಕೆ ಎದ್ರೆ ಸಿಗೋದು 6. ದಿನಾ ಎರಡು ಗಂಟೆ ಸಾಲ! ಕಲಿತದ್ದು ನೆನಪಲ್ಲಿ ಗಟ್ಟಿಯಾಗೋದೂ ನಿದ್ದೆಯಲ್ಲೇ. ಅಂದ್ರೆ ಓದಿಸೋಕೆ ಅಂತ ಓದನ್ನೇ ಕದೀತಿದ್ದಾರೆ.

6/6
ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿತು: 8.30ಕ್ಕಿಂತ ಮೊದಲು ಹೈಸ್ಕೂಲ್ ಶುರು ಮಾಡ್ಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಅದು ಕಾನೂನು, ಕೆಲವು ಗ್ರಾಮೀಣ ಶಾಲೆಗಳನ್ನು ಬಿಟ್ಟು. ನಾವು ಸ್ಪೆಷಲ್ ಕ್ಲಾಸೇ ಬೇಡ ಅಂತಿಲ್ಲ. ಬಸ್ ಟೈಮ್ ನೋಡ್ಕೊಂಡು ಸಂಜೆಗೆ ಹಾಕಿ ಅಂತಿದ್ದೀವಿ. ಸೋಮಾರಿ ಅಂತ ಬೈದ್ರೆ ರಿಸೆಪ್ಟರ್‌ಗೆ ಕೇಳ್ಸಲ್ಲ!

ಸೇವ್ ಮಾಡ್ಕೊಳ್ಳಿ. ಮುಂದಿನ ಪೇರೆಂಟ್ಸ್ ಮೀಟಿಂಗ್‌ಗೆ ಮೊದಲು ಅಪ್ಪ ಅಮ್ಮಂಗೆ ಓದಿ ಹೇಳಿ. ನಿಮ್ಮ ಫಸ್ಟ್ ಕ್ಲಾಸ್ ಎಷ್ಟು ಗಂಟೆಗೆ? ಕಾಮೆಂಟಲ್ಲಿ ಹಾಕಿ.

#ನಿದ್ದೆ_ನಮ್ಮ_ಹಕ್ಕು #ಪಿಯು_ಲೈಫ್ #ಕನ್ನಡದಲ್ಲಿ_ವಿಜ್ಞಾನ