ಕಣ್ಣು ಮುಚ್ಚಿ ಕೂತವರಿಗೆ ತಲಪರಿಗೆ ಕಾಣದು

'ಮೈಂಡ್‌ಫುಲ್‌ನೆಸ್' ಈಗ ನಮ್ಮ ಸಾಹಿತ್ಯ ವಿಭಾಗಗಳಿಗೂ ಬಂದಿದೆ. ವಿಚಾರ ಸಂಕಿರಣಕ್ಕೆ ಮುಂಚೆ ಐದು ನಿಮಿಷ ಕಣ್ಣು ಮುಚ್ಚಿ ಉಸಿರು ಗಮನಿಸಿ ಅನ್ನುತ್ತಾರೆ. ಆಮೇಲೆ ಬಯಲುಸೀಮೆಯ ಬರದ ಬಗ್ಗೆ ಪ್ರಬಂಧ ಓದುತ್ತಾರೆ. ಅದರಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದರೆ ಬಿರುಕು ಬಿಟ್ಟ ನೆಲ, ಜಾಲಿ, ಗುಳೆ, ಮುಗಿಯಿತು. ಉಸಿರು ನೋಡಿಕೊಂಡು ನೆಮ್ಮದಿಯಾಗುವುದಕ್ಕೂ ನೆಲ ನೋಡದೆ ಬರಡು ಅನ್ನುವುದಕ್ಕೂ ನಂಟಿದೆ ಎಂಬುದೇ ನನ್ನ ತಕರಾರು.

ಈ ನಾಲ್ಕು ತಾಲ್ಲೂಕುಗಳಲ್ಲಿ ತಲಪರಿಗೆ ಎಂಬುದೊಂದಿದೆ. ಬಹಳಷ್ಟು ಕಡೆ 'ಇತ್ತು' ಅನ್ನಬೇಕು. ಕೆರೆಯಂಗಳದಲ್ಲೋ ಹಳ್ಳದ ಬದಿಯಲ್ಲೋ ಮರಳಿನಡಿ ಜಿನುಗುವ ಒರತೆಯನ್ನು ಗುರುತಿಸಿ, ಕೆಲವೇ ಅಡಿ ತೋಡಿ, ಕಲ್ಲು ಕಟ್ಟಿ, ಕಾಲುವೆ ತೆಗೆದು ಹೊಲಕ್ಕೆ ಹಾಯಿಸುವ ಏರ್ಪಾಡು. ಕೆರೆ ಬತ್ತಿದ ಮೇಲೂ ಇದರಲ್ಲಿ ನೀರಿರುತ್ತಿತ್ತು. ಕರೆಂಟು ಬೇಡ, ಪಂಪು ಬೇಡ. ಅಚ್ಚುಕಟ್ಟಿನವರು ಸೇರಿ ಹೂಳೆತ್ತುತ್ತಿದ್ದರು, ಗಂಗಮ್ಮನಿಗೆ ಪೂಜೆ ಮಾಡುತ್ತಿದ್ದರು. ಸರದಿಯಂತೆ ನೀರು ಬಿಡಲು ನೀರಗಂಟಿ ಇದ್ದ. ಆಮೇಲೆ ಕೊಳವೆಬಾವಿ ಬಂತು, ಅಂತರ್ಜಲ ಪಾತಾಳ ಸೇರಿತು. ಜಯಮಂಗಲಿಯ ಒಡಲಿನ ಮರಳು ಲಾರಿ ಹತ್ತಿತು. ಪಾವಗಡದಲ್ಲಿ ಆಳದ ನೀರಿನ ಜೊತೆ ಫ್ಲೋರೈಡ್ ಮೇಲೆದ್ದು ಮಕ್ಕಳ ಹಲ್ಲಿಗೆ ಕಲೆ ಹಚ್ಚಿತು, ದೊಡ್ಡವರ ಮೂಳೆ ಹಿಡಿಯಿತು. ಇಷ್ಟಾದ ಮೇಲೆ ನಾವು ಹೋಗಿ, ಇದು ಹುಟ್ಟಾ ನೀರಿಲ್ಲದ ಸೀಮೆ ಎಂದು ಬರೆದು ಬಂದೆವು.

ನೋಡುವುದೆಂದರೇನು ಎಂಬ ಪ್ರಶ್ನೆ ಯಹೂದಿ ಪರಂಪರೆಯಲ್ಲಿ ಬಾವಿಯ ಬಳಿಯೇ ಏಳುತ್ತದೆ. ಅವರದೂ ಒಣ ನೆಲ. ಆದಿಕಾಂಡದ 21ನೆಯ ಅಧ್ಯಾಯದಲ್ಲಿ ಅಬ್ರಹಾಮನ ಮನೆಯ ದಾಸಿ ಹಾಗರಳನ್ನು ಮಗನ ಸಮೇತ ಹೊರಗೆ ಕಳಿಸುತ್ತಾರೆ. ಬೇರ್ಷೆಬದ ಕಾಡಿನಲ್ಲಿ ತಿತ್ತಿಯ ನೀರು ಮುಗಿಯುತ್ತದೆ. ಮಗನನ್ನು ಒಂದು ಪೊದೆಯಡಿ ಹಾಕಿ, ಅವನು ಸಾಯುವುದನ್ನು ನೋಡಲಾರೆನೆಂದು ದೂರ ಹೋಗಿ ಕೂರುತ್ತಾಳೆ. ಆಗ ದೇವರು ಆಕೆಯ ಕಣ್ಣು ತೆರೆಸುತ್ತಾನೆ, ಬಾವಿ ಕಾಣುತ್ತದೆ. ದೇವರು ಬಾವಿ ಸೃಷ್ಟಿಸಿದನೆಂದು ಕಥೆ ಹೇಳುವುದಿಲ್ಲ. ಬಾವಿ ಅಲ್ಲೇ ಇತ್ತು. ಕಣ್ಣು ತೆರೆಸುವ ತನಕ ಎಲ್ಲರೂ ಕುರುಡರೇ ಎಂದು ಹಳೆಯ ರಬ್ಬಿಗಳು ಇದಕ್ಕೆ ಅರ್ಥ ಹೇಳಿದರು. ಕಂಡ ಮೇಲೆ ಹಾಗರ ಧ್ಯಾನಕ್ಕೆ ಕೂರಲಿಲ್ಲ. ತಿತ್ತಿ ತುಂಬಿಸಿ ಮಗನಿಗೆ ಕುಡಿಸಿದಳು. ನೋಟ ಅಂದರೆ ಇಷ್ಟು.

ಕಲ್ಪನೆಯ ವಿಷಯಕ್ಕೂ ಇದೇ ಮಾತು. ಇಲ್ಲದ್ದನ್ನು ಕಟ್ಟುವುದೇ ಕಲ್ಪನೆ ಎಂದು ತರಗತಿಯಲ್ಲಿ ಪಾಠ ಮಾಡುತ್ತೇವೆ. 12ನೆಯ ಶತಮಾನದ ಯಹೂದಿ ತತ್ತ್ವಜ್ಞಾನಿ ಮೈಮನೈಡೀಸ್‌ಗೆ ಕಲ್ಪನೆಯ ಮೇಲೆ ಬಹಳ ಅನುಮಾನ. ಆದರೂ ಪ್ರವಾದಿಗೆ ಪಳಗಿದ ಬುದ್ಧಿಯ ಜೊತೆಗೆ ಪಳಗಿದ ಕಲ್ಪನಾಶಕ್ತಿಯೂ ಬೇಕೇ ಬೇಕು ಎಂದ, ಮೋಶೆಯೊಬ್ಬನನ್ನು ಬಿಟ್ಟು. ನನಗೆ ಅದು ತಲಪರಿಗೆ ತೋಡಿದವರ ಕಸುಬಿನಂತೆ ಕೇಳಿಸುತ್ತದೆ. ಸುತ್ತೆಲ್ಲ ಒಣಗಿದಾಗ ಒಂದು ತುಂಡು ನೆಲ ಮಾತ್ರ ಹಸಿಯಾಗಿರುವುದನ್ನು ಕಣ್ಣು ಹಿಡಿಯಬೇಕು. ಅದರಡಿಯ ನೀರಿನ ದಾರಿಯನ್ನು ಮನಸ್ಸು ಊಹಿಸಬೇಕು. ಊಹೆ ತಪ್ಪಿದರೆ ಗುದ್ದಲಿಯೇ ಹೇಳುತ್ತದೆ. ನಮ್ಮ ಬರದ ಕವಿತೆಗಳ ಕಲ್ಪನೆಯನ್ನು ಯಾವ ಗುದ್ದಲಿಯೂ ಪರೀಕ್ಷಿಸಿಲ್ಲ.

ಯಹೂದಿಗಳೇ ಯಾಕೆ, ಅಲ್ಲಮ ಸಾಲದೇ ಎಂದು ಕೇಳುವವರಿದ್ದಾರೆ. ಧಾರಾಳ ಸಾಕು. ಆದರೆ ಅಲ್ಲಮನನ್ನೂ ವಾಟ್ಸಾಪ್ ಸ್ಟೇಟಸ್ ಮಾಡಿಕೊಂಡವರು ನಾವು. ಬುದ್ಧನ ಮೇಲೂ ನನಗೆ ಜಗಳವಿಲ್ಲ. ಆತನ ಎಚ್ಚರವನ್ನು ಆ್ಯಪ್‌ನಲ್ಲಿಟ್ಟು ಮಾರುವವರ ಮೇಲಿದೆ.

ಹಾಗೆಂದು ತಲಪರಿಗೆಯನ್ನು ಕಳೆದುಹೋದ ಸ್ವರ್ಗ ಮಾಡಲು ನಾನು ತಯಾರಿಲ್ಲ. ನಮ್ಮ ಎಷ್ಟೋ ಊರುಗಳಲ್ಲಿ ನೀರಗಂಟಿ ದಲಿತ. ಊರಿನ ನೀರಿನ ಲೆಕ್ಕವೆಲ್ಲ ಅವನ ತಲೆಯಲ್ಲಿ, ಕುಡಿಯುವ ಬಾವಿ ಮಾತ್ರ ಅವನಿಗೆ ದೂರ. ಬಾವಿ ಕಂಡದ್ದು ಮನೆಯಿಂದ ಹೊರಹಾಕಿಸಿಕೊಂಡ ದಾಸಿಗೆ ಎಂಬುದನ್ನು ನಾನು ಮರೆಯದಿರುವುದು ಇದಕ್ಕೇ. ನೀರನ್ನು ಕಂಡ ಊರು ನೀರು ಬಿಟ್ಟವನನ್ನು ಕಾಣಲಿಲ್ಲ.

ಈಗ ಎಲ್ಲರ ಕಣ್ಣು ಪಶ್ಚಿಮಕ್ಕಿದೆ. ಎತ್ತಿನಹೊಳೆ ಯೋಜನೆಯ ಅಂದಾಜು ವೆಚ್ಚ 23 ಸಾವಿರ ಕೋಟಿ ದಾಟಿದೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ಕೊರಟಗೆರೆಯ ಭೈರಗೊಂಡ್ಲು ಬಳಿ ಜಲಾಶಯ ಕಟ್ಟುವ ಮಾತಿದೆ. ಕುಡಿಯುವ ನೀರು ಬರುವುದಾದರೆ ಬರಲಿ, ಬೇಡ ಎನ್ನಲು ನಾನ್ಯಾರು? ಆದರೆ ಅಷ್ಟು ದೂರದ ನೀರನ್ನು ಕಲ್ಪಿಸಿಕೊಳ್ಳಬಲ್ಲ ಸರ್ಕಾರಕ್ಕೆ ಕಾಲಡಿಯ ಒರತೆಯ ಹೂಳೆತ್ತುವುದು ಕಲ್ಪನೆಗೂ ಬರುವುದಿಲ್ಲ.

ಅಬ್ರಹಾಮನ ಕಾಲದ ಬಾವಿಗಳಿಗೆ ಫಿಲಿಷ್ಟಿಯರು ಮಣ್ಣು ತುಂಬಿದ್ದರು. ಮಗ ಇಸಾಕ ಅವನ್ನು ಮತ್ತೆ ತೋಡಿಸಿ, ಅಪ್ಪ ಇಟ್ಟಿದ್ದ ಹೆಸರುಗಳನ್ನೇ ಇಟ್ಟ. ಹೊಸ ಬಾವಿ ತೋಡಿದಾಗ ಕುರುಬರು ಜಗಳಕ್ಕೆ ಬಂದರು. ಒಂದಕ್ಕೆ 'ಜಗಳ' ಎಂದೇ, ಇನ್ನೊಂದಕ್ಕೆ 'ಹಗೆ' ಎಂದೇ ಹೆಸರಿಟ್ಟ. ನಮ್ಮ ತಲಪರಿಗೆಗಳ ಹೆಸರು, ಸರದಿಯ ಲೆಕ್ಕ, ಜಗಳ, ಯಾರನ್ನು ಮುಟ್ಟಗೊಡಲಿಲ್ಲ ಎಂಬ ವಿವರ ಎಲ್ಲ ಈಗ ಉಳಿದಿರುವುದು ಎಪ್ಪತ್ತು ದಾಟಿದವರ ಬಾಯಲ್ಲಿ. ಜುಂಜಪ್ಪನ ಕಾವ್ಯ ಕೇಳಲು ಗೊಲ್ಲರಹಟ್ಟಿಗಳಿಗೆ ಹೋದ ನಮ್ಮ ಜಾನಪದ ವಿದ್ವಾಂಸರಂತೆ ಇದಕ್ಕೂ ಯಾರಾದರೂ ಹೋಗಬೇಕು, ಈ ಬೇಸಿಗೆಯಲ್ಲೇ.