ಇಳಿಸಿಕೊಳ್ಳುವ ಮುನ್ನ

ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಹಿಡಿಯುವುದು ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ. ನೀರಿನ ವಿಷಯದಲ್ಲಿ ಇಷ್ಟು ಎಚ್ಚರವಹಿಸುವ ನಾವು, ಅಂತರ್ಜಾಲದಿಂದ ಕಡತಗಳನ್ನು ಇಳಿಸಿಕೊಳ್ಳುವಾಗ ಮಾತ್ರ ಬಂದದ್ದನ್ನೆಲ್ಲ ಸೋಸದೆ ತುಂಬಿಕೊಳ್ಳುತ್ತೇವೆ. ಇದು ವಿವೇಕವೆ?

"ಮೊಬೈಲನ್ನು ಮುಟ್ಟಲೇಬೇಡಿ" ಎಂದು ಹಿರಿಯರು ಬುದ್ಧಿ ಹೇಳುವುದುಂಟು. ಅವರ ಕಳಕಳಿಯನ್ನು ಗೌರವಿಸುತ್ತಲೇ ನಾನಿದನ್ನು ಒಪ್ಪಲಾರೆ. ಒಂದೇ ಪ್ರತಿಯಿರುವ ಗ್ರಂಥಕ್ಕೆ ತರಗತಿಯೇ ಕಾದಿರುವಾಗ, ಇಂಟರ್ನೆಟ್ ಆರ್ಕೈವ್‌ನಂತಹ ತಾಣದಲ್ಲಿ ಹಳೆಯ ಕನ್ನಡ ಪುಸ್ತಕಗಳೆಷ್ಟೋ ಕಾಸಿಲ್ಲದೆ ದೊರೆಯುತ್ತವೆ. ಬಡ ವಿದ್ಯಾರ್ಥಿಗೆ ಅದೂ ಒಂದು ಗ್ರಂಥಾಲಯವೇ. ಬಾಗಿಲು ಮುಚ್ಚುವುದು ಪರಿಹಾರವಲ್ಲ. ಬಂದವರು ಯಾರೆಂದು ವಿಚಾರಿಸಿ ತೆರೆಯುವುದು ಪರಿಹಾರ.

ನನ್ನದೇ ಪ್ರಸಂಗವನ್ನು ಹೇಳುತ್ತೇನೆ. ಕಳೆದ ವರ್ಷ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹುಡುಕುತ್ತ ಒಂದು ತಾಣಕ್ಕೆ ಹೋದೆ. ಒಂದೇ ಪುಟದಲ್ಲಿ 'ಡೌನ್‌ಲೋಡ್' ಎಂಬ ನಾಲ್ಕು ಗುಂಡಿಗಳು! ಎಲ್ಲಕ್ಕಿಂತ ದೊಡ್ಡದನ್ನು ಒತ್ತಿದೆ. ಬಂದದ್ದು ಪ್ರಶ್ನೆಪತ್ರಿಕೆಯಲ್ಲ, ಹೆಸರಿನ ಕೊನೆಗೆ 'ಎಪಿಕೆ' ಎಂದಿದ್ದ ಕಡತ. ತೆರೆಯಹೋದರೆ, ಅಪರಿಚಿತ ಮೂಲಕ್ಕೆ ಅನುಮತಿ ಕೊಡುವಿರಾ ಎಂದು ಫೋನೇ ಕೇಳಿತು. ಫೋನು ತಂದೆಯವರದು, ಡೇರಿಯ ಹಾಲಿನ ಹಣ ಜಮೆಯಾದ ಸಂದೇಶ ಅದಕ್ಕೇ ಬರುತ್ತದೆ. ಓದಿದ ಮಗನೆಂಬ ನಂಬಿಕೆಯಿಂದ ನನ್ನ ಕೈಗಿತ್ತಿದ್ದರು. ಬೆರಳು ತಾನಾಗಿ ಹಿಂದೆ ಸರಿಯಿತು.

ಎಪಿಕೆ ಎಂದರೆ ಓದುವ ಪುಟವಲ್ಲ, ಫೋನಿನೊಳಗೆ ಕೂತು ಕೆಲಸ ಮಾಡುವ ಆಪ್. ವಂಚಕರು ಮಾಡಿದ್ದಾದರೆ, ನಾವು ಅನುಮತಿಯಿತ್ತೊಡನೆ ಒಟಿಪಿಯನ್ನೂ ಓದಿ ರವಾನಿಸಬಲ್ಲುದು. 2024ರಲ್ಲಿ ಮದುವೆಯ ಆಮಂತ್ರಣದ ವೇಷದಲ್ಲಿ ಇಂತಹವು ವಾಟ್ಸಾಪ್‌ನಲ್ಲಿ ಹರಿದಾಡಿ, ಪೊಲೀಸರು ಎಚ್ಚರಿಕೆ ಕೊಡಬೇಕಾಯಿತು. ಈ ವೇಷಗಾರಿಕೆ ಹೊಸದೇನಲ್ಲ. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಎಂಬ ಇ-ಮೇಲ್ ಲಕ್ಷಾಂತರ ಕಂಪ್ಯೂಟರುಗಳನ್ನು ಕಾಡಿತು. ಅದರ ಕಡತ 'ಟಿಎಕ್ಸ್‌ಟಿ' ಎಂದು ಸಾಧುವಾಗಿ ಕಂಡರೂ ಅದರಾಚೆ 'ವಿಬಿಎಸ್' ಎಂಬ ನಿಜವಾದ ಬಾಲ ಅಡಗಿತ್ತು.

ಆದ್ದರಿಂದ ಮೊದಲು ಬಾಲವನ್ನು ನೋಡೋಣ: ಪುಸ್ತಕ ಕೇಳಿದವರಿಗೆ 'ಎಪಿಕೆ', 'ಇಎಕ್ಸ್‌ಇ' ಬಂದರೆ ಅಳಿಸಿಬಿಡೋಣ. ಪ್ರಶ್ನೆಪತ್ರಿಕೆಯನ್ನು ವಿಶ್ವವಿದ್ಯಾನಿಲಯದ ತಾಣದಲ್ಲೂ, ಆಪ್‌ಗಳನ್ನು ಪ್ಲೇ ಸ್ಟೋರಿನಲ್ಲೂ ಹುಡುಕೋಣ. ವಿಳಾಸದಲ್ಲಿ 'ಎಚ್‌ಟಿಟಿಪಿಎಸ್' ಇದ್ದರೆ ದಾರಿಯಲ್ಲಿ ಯಾರೂ ಇಣುಕಲಾರರೆಂದಷ್ಟೇ ಅರ್ಥ. ತಾಣದವನು ಸಾಚಾ ಎಂದಲ್ಲ. ಮೋಸಹೋಗಿ ಹಣ ಕಳೆದರೆ ನಾಚಿಕೆಯಿಂದ ಸುಮ್ಮನಿರದೆ, ಫೋನಿನ ಇಂಟರ್ನೆಟ್ ನಿಲ್ಲಿಸಿ, ಬೇರೊಂದು ಫೋನಿನಿಂದ ಕೂಡಲೇ ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸೋಣ.

ಕೊನೆಯದಾಗಿ ಅಧ್ಯಾಪಕ ವರ್ಗದವರಲ್ಲಿ ಒಂದು ವಿನಂತಿ. ಕಾಲೇಜು ಸೇರಿದೊಡನೆ ಗ್ರಂಥಾಲಯದ ನಿಯಮಗಳನ್ನು ತಿಳಿಸುವಂತೆ, ಇದಕ್ಕೂ ಒಂದು ಗಂಟೆಯನ್ನು ಮೀಸಲಿಡಿ. ನಮ್ಮಲ್ಲಿ ಅನೇಕರಿಗೆ ಮನೆಯಲ್ಲಿ ಕೇಳೋಣವೆಂದರೆ ಹೇಳುವವರಿಲ್ಲ. ಮನೆಯವರಿಗೆ ಹೇಳಬೇಕಾದವರೇ ನಾವು.