ಮನ್ರೋ: ರೈತನ ಕಡೆಯಿಂದ ಒಂದು ಲೆಕ್ಕ

2027ರ ಜುಲೈ 6ಕ್ಕೆ ಸರ್ ಥಾಮಸ್ ಮನ್ರೋ ತೀರಿಕೊಂಡು 200 ವರ್ಷ ತುಂಬುತ್ತದೆ. ಚೆನ್ನೈನಲ್ಲಿ ಅವನ ಕುದುರೆ ಸವಾರಿಯ ಪ್ರತಿಮೆ ಇದೆ. ರಾಘವೇಂದ್ರ ರಾಯರು ಅವನೊಡನೆ ಮಾತಾಡಿದರೆಂಬ ಕತೆ ಮಂತ್ರಾಲಯದಲ್ಲಿದೆ. ರೋಣ, ನರಗುಂದ, ಗಜೇಂದ್ರಗಡದ ಕಡೆ ಅವನ ಹೆಸರೆತ್ತುವವರು ಕಡಿಮೆ. ಆದರೆ ಈ ಎರೆ ಸೀಮೆಯಲ್ಲಿ ಪೇಶ್ವೆಯ ಆಳ್ವಿಕೆ ಕಳಚಿ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ಬೇರೂರಿದ್ದರಲ್ಲಿ ಅವನದೇ ದೊಡ್ಡ ಪಾಲು.

ಗ್ಲಾಸ್ಗೋದಲ್ಲಿ 1761ರಲ್ಲಿ ಹುಟ್ಟಿದ ಮನ್ರೋ 1780ರಲ್ಲಿ ಕಂಪನಿಯ ಕಾಲಾಳು ದಳದ ಕೆಡೆಟ್ ಆಗಿ ಮದ್ರಾಸಿಗೆ ಬಂದ. ಹೈದರ್, ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ಕಾದಿದ. 1792ರ ಬಳಿಕ ಬಾರಾಮಹಲಿನಲ್ಲಿ, 1799ರಲ್ಲಿ ಕೆನರಾದಲ್ಲಿ, 1800ರಿಂದ 1807ರವರೆಗೆ ಬಳ್ಳಾರಿ, ಕಡಪದ ಕಡೆ ಕಂದಾಯದ ಕೆಲಸ ಮಾಡಿದ. ಊರೂರು ತಿರುಗಿ, ಡೇರೆಯಲ್ಲೇ ಉಳಿದು, ರೈತರೊಡನೆ ಮಾತಾಡಿ ಕಲಿತವನು. ನಡುವೆ ಜಮೀನ್ದಾರ ಬೇಡ, ಹೊಲ ಉಳುವವನ ಹೆಸರಿಗೇ ಕಂದಾಯ ಕಟ್ಟಬೇಕು ಎಂಬ ರೈತವಾರಿ ಪದ್ಧತಿಗೆ ಅವನಷ್ಟು ಹಟದಿಂದ ವಾದಿಸಿದವರು ವಿರಳ.

ನಮ್ಮ ಭಾಗಕ್ಕೆ ಅವನು ಬಂದದ್ದು ಕೊನೆಯ ಮರಾಠಾ ಯುದ್ಧದಲ್ಲಿ. ಕೈಯಲ್ಲಿ ದೊಡ್ಡ ದಂಡಿರಲಿಲ್ಲ. ಅದಕ್ಕೆ ಊರವರನ್ನೇ ಶಿಬಂದಿಗೆ ಸೇರಿಸಿಕೊಂಡ. ಕೋಟೆ ಬೀಳುವ ಮೊದಲೇ ಹಳ್ಳಿಗಳಿಗೆ ಅಮಲ್ದಾರರನ್ನು ಕಳಿಸಿ ಕಂದಾಯ ಎತ್ತಿಸಿದ. ಹಳೆಯ ಸರ್ಕಾರದ ಕೈಗೆ ರೊಕ್ಕ ಸಿಗದಂತಾಯಿತು. ಗದಗ, ಡಂಬಳ, ಹುಬ್ಬಳ್ಳಿ ಬಿದ್ದವು. 1818ರ ಫೆಬ್ರುವರಿಯಲ್ಲಿ ಬಾದಾಮಿ, ಏಪ್ರಿಲ್‌ನಲ್ಲಿ ಬೆಳಗಾವಿ. ಬೆಳಗಾವಿ ಮುತ್ತಿಗೆಗೆ ಕಿತ್ತೂರಿನ ದೇಸಾಯಿ ನೆರವಾಗಿದ್ದ. ಆರೇ ವರ್ಷಕ್ಕೆ, 1824ರಲ್ಲಿ, ಅದೇ ಕಂಪನಿ ಕಿತ್ತೂರಿನ ದತ್ತು ಮಗನನ್ನು ಒಪ್ಪಲಿಲ್ಲ. ಚೆನ್ನಮ್ಮ ಕತ್ತಿ ಹಿರಿದಳು. ಆ ನಿರ್ಧಾರ ಮುಂಬಯಿ ಸರ್ಕಾರದ್ದು, ಮನ್ರೋನದಲ್ಲ. ಆದರೂ ಅವನು ಗಳಿಸಿಕೊಂಡ ಸ್ನೇಹಕ್ಕೆ ಅವನ ಕಂಪನಿ ಕೊಟ್ಟ ಬೆಲೆ ಅಷ್ಟೇ.

1820ರಲ್ಲಿ ಮದ್ರಾಸಿನ ಗವರ್ನರ್ ಆದ. ರೈತವಾರಿ ನೆಲೆಯೂರಿದ್ದು ಆಗ. ಅವನೇ 1807ರಲ್ಲಿ ಬೇಡಿದ್ದ ಕಂದಾಯದ ಇಳಿಕೆ ಬಳ್ಳಾರಿ ಕಡೆಯ ರೈತರಿಗೆ ದಕ್ಕಿದ್ದೂ ಆಗಲೇ. ನಡುವಿನ ಹದಿಮೂರು ವರ್ಷ ರೈತ ಹೆಚ್ಚಿನ ಕಂದಾಯವನ್ನೇ ತೆತ್ತ. 1822ರಲ್ಲಿ ನಾಡಿನ ಶಾಲೆಗಳನ್ನು ಎಣಿಸಲು ಹೇಳಿದ. 12,498 ಶಾಲೆಗಳ ಲೆಕ್ಕ ಸಿಕ್ಕಿತು. ಹಿಂದೂಸ್ಥಾನದವರನ್ನು ದೊಡ್ಡ ಹುದ್ದೆಗಳಿಂದ ದೂರವಿಟ್ಟರೆ ಅವರ ವ್ಯಕ್ತಿತ್ವವೇ ಕುಗ್ಗುತ್ತದೆಂದು 1824ರ ಕೊನೆಯ ದಿನ ಬರೆದ. ಆ ಕಾಲದ ಬ್ರಿಟಿಷ್ ಅಧಿಕಾರಿಯೊಬ್ಬ ಹೀಗೆ ಬರೆದದ್ದು ಸಣ್ಣ ಮಾತಲ್ಲ. 1827ರಲ್ಲಿ ತನ್ನ ದೇಶಕ್ಕೆ ಮರಳುವ ಮುನ್ನ ಹಳೆಯ ಜಿಲ್ಲೆಗಳನ್ನು ನೋಡಲು ಹೊರಟು ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ.

ಮನ್ರೋ ರೈತನನ್ನು ಬಲ್ಲವನು, ದರ್ಪದ ಅಧಿಕಾರಿಯಲ್ಲ. ಆದರೆ ಅವನ ವ್ಯವಸ್ಥೆಯಲ್ಲಿ ಎಷ್ಟು ಕೊಡಬೇಕೆಂದು ಹೇಳುವವರು ಸರ್ಕಾರದವರು, ಕೊಡುವವನು ಮಾತ್ರ ರೈತ. ಧಾರವಾಡ ಸೀಮೆ ಮುಂದೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಸರ್ವೆಗಳು ಬದಲಾದವು. ರೈತನಿಗೆ ಮಾತಿಲ್ಲದ ಈ ಕೊರತೆ ಬದಲಾಗಲಿಲ್ಲ. ಮಲಪ್ರಭಾ ನೀರಾವರಿಯ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಬೀದಿಗಿಳಿದು ಗುಂಡೇಟು ತಿಂದರು. ಆ ದಿನವನ್ನು ಹುತಾತ್ಮರ ದಿನವೆಂದು ನೆನೆಯುತ್ತೇವೆ. ಸ್ವಂತ ಸರ್ಕಾರ ಬಂದ ಮೇಲೂ ಅದೇ ಕೊರತೆ ಉಳಿದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1818ರ ಆ ತಿಂಗಳುಗಳಲ್ಲಿ ನಮ್ಮ ಹಳ್ಳಿಗಳು ಏನು ಕೊಟ್ಟವು, ಏನು ಕಳೆದುಕೊಂಡವು ಎಂಬುದನ್ನು ಗೌಡ, ಕುಲಕರ್ಣಿ ಮನೆತನಗಳ ದಫ್ತರಗಳು ಹೇಳಬಲ್ಲವು. ಹೊಳೆದಂಡೆಯ ಮೆಣಸಗಿಯಿಂದ ಗಜೇಂದ್ರಗಡದವರೆಗೆ ಯಾರ ಅಟ್ಟದಲ್ಲಾದರೂ ಮೋಡಿ ಅಕ್ಷರದ ಹಳೆಯ ಕಾಗದ ಉಳಿದಿದ್ದರೆ ರದ್ದಿಗೆ ಹಾಕಬೇಡಿ. ಹೊಳೆ ಬಂದಾಗ ಮೊದಲು ನೆನೆಯುವುದು ಅವೇ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆ ಒಯ್ದು ತೋರಿಸಿ.